ಕೀಬೋರ್ಡ್‌ ಅಪ್‌ಡೇಟ್ ರದ್ದುಪಡಿಸಿದ ನನ್ನ ಅನುಭವ

ಫೋನಿನೊಂದಿಗೇ ಬಂದಿದ್ದ ಕೀಬೋರ್ಡ್ ಆ್ಯಪ್ ರಾತ್ರೋರಾತ್ರಿ ತಾನಾಗಿಯೇ ಅಪ್‌ಡೇಟ್ ಆದ ಮೇಲೆ, ಕನ್ನಡದಲ್ಲಿ ಒತ್ತಕ್ಷರ ಟೈಪ್ ಮಾಡಿದಾಗಲೆಲ್ಲ ಮುಚ್ಚಿಕೊಳ್ಳತೊಡಗಿತು. ಊರಿನಲ್ಲಿರುವ ಅಮ್ಮನಿಗೆ ಪ್ರತಿದಿನ ಕನ್ನಡದಲ್ಲೇ ಬರೆಯುವ ನನಗೆ ಇದು ನಿಜಕ್ಕೂ ಸಂಕಟದ ವಿಷಯವಾಗಿತ್ತು. ಆ್ಯಪ್‌ನ ಕ್ಯಾಶ್ (ತಾತ್ಕಾಲಿಕವಾಗಿ ಉಳಿಸಿಟ್ಟ ಮಾಹಿತಿ) ಅಳಿಸಿದರೂ, ಫೋನನ್ನು ರೀಸ್ಟಾರ್ಟ್ ಮಾಡಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಆ ಕೀಬೋರ್ಡನ್ನು ತೆರೆದು, ಮೇಲ್ತುದಿಯ ಮೂರು ಚುಕ್ಕೆಗಳನ್ನು ಒತ್ತಿ, ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಆಯ್ದುಕೊಂಡಾಗ ಮೂಲ ಆವೃತ್ತಿ ಮರಳಿತು. ಆಂಡ್ರಾಯ್ಡ್‌ನಲ್ಲಿ ಈ ಸೌಲಭ್ಯವಿರುವುದು ಫೋನಿನೊಂದಿಗೆ ಬಂದ ಆ್ಯಪ್‌ಗಳಿಗೆ ಮಾತ್ರ. ಜೊತೆಗೆ ಆ್ಯಪ್‌ನ ದತ್ತಾಂಶವೂ ಅಳಿಯುವುದರಿಂದ, ವರ್ಷಗಳಿಂದ ಕೂಡಿಸಿಟ್ಟಿದ್ದ ನನ್ನ ಪದಗಳನ್ನು ಮೊದಲೇ ಬೇರೆಡೆ ಉಳಿಸಿಕೊಂಡದ್ದು ಒಳ್ಳೆಯದಾಯಿತು. ಅದು ಮತ್ತೆ ಅಪ್‌ಡೇಟ್ ಆಗದಂತೆ, ಪ್ಲೇ ಸ್ಟೋರ್‌ನಲ್ಲಿ ಅದರ ಪುಟದ ಮೂರು ಚುಕ್ಕೆಗಳಡಿ ‘ಎನೇಬಲ್ ಆಟೋ ಅಪ್‌ಡೇಟ್’ ಎದುರಿನ ಗುರುತನ್ನು ತಕ್ಷಣವೇ ತೆಗೆದೆ.