ಕಿತ್ತಳೆ ಮುಳ್ಳಿನ ಗಿಡ ಉಳಿದದ್ದು ಹೀಗೆ

ಮಡಗಾಸ್ಕರ್ ಮೂಲದ ಸೊಲಾನಮ್ ಪೈರಕ್ಯಾಂಥೋಸ್ ನಮ್ಮ ಬದನೆ, ಸುಂಡೆಗಳ ಸಂಬಂಧಿ. ಎಲೆಯ ನಡುನರದ ಮೇಲೆ ಕೆಂಡದ ಬಣ್ಣದ ನೆಟ್ಟನೆ ಮುಳ್ಳು, ಬದನೆಯದರಂಥದೇ ನೇರಳೆ ಹೂವು. ಬೆಳಗಿನ ಬಿಸಿಲಿಗೆ ಆ ಮುಳ್ಳು ಹೊಳೆಯುವುದನ್ನು ನೋಡಲೆಂದೇ ನಾನು ಇದನ್ನು ಬೆಳೆಸುವುದು.

ಮೊದಲ ಮೂರು ಗಿಡ ಮೊಳಕಾಲೆತ್ತರ ಬಂದು ಒಂದೊಂದಾಗಿ ಸೊರಗಿದವು. ಎಲೆ ಹಳದಿಯಾಗಲಿಲ್ಲ, ಹುಳ ಕಾಣಲಿಲ್ಲ, ಹಸಿರಾಗಿದ್ದಂತೆಯೇ ಜೋತುಬಿದ್ದವು. ನೀರು ಸಾಲದೇನೋ ಎಂದು ಇನ್ನಷ್ಟು ಹೊಯ್ದೆ. ಅದರಿಂದ ಕೆಟ್ಟದ್ದೇ ಆಯಿತು.

"ಹೋದ ವರ್ಷ ಬದನೆಗಿಡ ಸತ್ತಿದ್ದೂ ಅದೇ ಜಾಗದಲ್ಲಲ್ವೇನೇ?" ಎಂದರು ಅತ್ತೆ. ಆಗ ಹೊಳೆಯಿತು. ಬಾಡಿದ ಗಿಡದ ಬುಡದ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿದೆ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಬಾಯಿಂದ ಹಾಲಿನಂಥ ಎಳೆ ಕೆಳಗಿಳಿಯಿತು. ಆ ಎಳೆ ಗಿಡದೊಳಗಿನ ದುಂಡಾಣು, ಅಂದರೆ ಬ್ಯಾಕ್ಟೀರಿಯಾ. ದುಂಡಾಣು ಸೊರಗು ರೋಗ! ಬದನೆ, ಟೊಮೆಟೊ, ಆಲೂಗಡ್ಡೆಯನ್ನು ಕಾಡುವುದೂ ಇದೇ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಿಡಿದ ಗಿಡವನ್ನು ಔಷಧಿ ಹೊಡೆದು ಉಳಿಸಲಾಗದು.

ಗಿಡಗಳನ್ನು ಬೇರುಸಮೇತ ಕಿತ್ತು ಸುಟ್ಟೆ, ಗೊಬ್ಬರಗುಂಡಿಗೆ ಹಾಕಲಿಲ್ಲ. ಹೊಸ ಸಸಿಗಳನ್ನು 12 ಇಂಚಿನ ಕುಂಡದಲ್ಲಿ ನೆಟ್ಟೆ: ತೆಂಗಿನ ನಾರಿನ ಪುಡಿ, ಮರಳು, ಎರೆಗೊಬ್ಬರ ಅಷ್ಟೇ, ತೋಟದ ಮಣ್ಣು ಒಂದು ಹಿಡಿಯೂ ಇಲ್ಲ. ಅಂಗಳದ ನೀರು ತಾಗದಂತೆ ಕುಂಡವನ್ನು ಇಟ್ಟಿಗೆಯ ಮೇಲೆ ಏರಿಸಿಟ್ಟೆ. ಕತ್ತರಿಯನ್ನು ಪ್ರತಿ ಸಲ ಸ್ಪಿರಿಟ್‌ನಲ್ಲಿ ಒರೆಸುತ್ತೇನೆ.

ಈಗ ಎರಡನೇ ಮಳೆಗಾಲ, ಗಿಡ ಸೊಂಟದೆತ್ತರ. ಕಾಯಿ ವಿಷವಾದ್ದರಿಂದ ಮೊಮ್ಮಗಳ ಕೈಗೆ ಸಿಗುವ ಮೊದಲೇ ಕಿತ್ತುಹಾಕುತ್ತೇನೆ, ದಪ್ಪ ಕೈಗವಸು ಹಾಕಿಕೊಂಡೇ.