ಮೊದಲು ಒಪ್ಪಿಗೆ, ಆಮೇಲೆ ರೆಕಾರ್ಡಿಂಗ್

ಇಳಕಲ್ ಮತ್ತು ಗುಳೇದಗುಡ್ಡದ ನೇಕಾರರ ಮಾತು ರೆಕಾರ್ಡ್ ಮಾಡಿ, ವಿಸ್ಪರ್ ಎಂಬ ಸಾಫ್ಟ್‌ವೇರ್‌ನಿಂದ ಬರಹಕ್ಕೆ ಇಳಿಸುವ ಕೆಲಸ ನನ್ನದು. ಇಳಕಲ್ ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸುವ ಬಗೆಯನ್ನು ಹಿರಿಯರ ಬಾಯಿಂದಲೇ ಕೇಳಬೇಕು. ಹಾಗಂತ ಒಪ್ಪಿಗೆ ಇಲ್ಲದೆ ಒಂದು ನಿಮಿಷವನ್ನೂ ನಾನು ರೆಕಾರ್ಡ್ ಮಾಡುವುದಿಲ್ಲ.

ಕೇಳುವಾಗ ಫೋನ್ ಚೀಲದಲ್ಲೇ ಇರುತ್ತದೆ. ಎದುರಿಗೆ ಹಿಡಿದು ಕೇಳಿದರೆ ಬೇಡ ಅನ್ನೋದು ಕಷ್ಟ, ಅಲ್ವಾ? ನಮ್ಮ ಕಡೆ ಮನೆಗೆ ಬಂದವರ ಮನಸ್ಸು ನೋಯಬಾರದು ಅಂತ "ಹೂಂ, ಮಾಡ್ಕೋರಿ" ಅಂದುಬಿಡುತ್ತಾರೆ. ಅಷ್ಟಕ್ಕೇ ನಾನು ಶುರು ಮಾಡುವುದಿಲ್ಲ. ದನಿ ಎಲ್ಲಿ ಉಳಿಯುತ್ತದೆ, ಯಾರು ಕೇಳುತ್ತಾರೆ, ಯಾವುದಕ್ಕೆ ಬಳಸುತ್ತೇನೆ ಎಲ್ಲ ಹೇಳುತ್ತೇನೆ. ವಿಸ್ಪರ್ ಇಂಟರ್ನೆಟ್ ಇಲ್ಲದೆ ನನ್ನ ಲ್ಯಾಪ್‌ಟಾಪ್‌ನಲ್ಲೇ ನಡೆಯುತ್ತದೆ. ಎಷ್ಟೋ ಆ್ಯಪ್‌ಗಳು ದನಿಯನ್ನು ಕಂಪನಿಯ ಸರ್ವರ್‌ಗೆ ಕಳಿಸುತ್ತವೆ. ಅಂಥದ್ದನ್ನು ಬಳಸುವವರು ಅದನ್ನೂ ಬಾಯಿಬಿಟ್ಟು ಹೇಳಬೇಕು.

ಇಳಕಲ್‌ನ ಒಬ್ಬ ಅಜ್ಜಿ ಮೊದಲು ಕೇಳಿದ್ದು ಇಷ್ಟೇ: "ನಮ್ಮ ಸಾವಕಾರ್ರ ಕಿವಿಗೆ ಬೀಳತೈತೇನಪಾ?" ನೂಲು ಕೊಟ್ಟು ನೇಯಿಸಿ ಮಜೂರಿ ಕೊಡುವವರು ಅವರೇ. "ಇಲ್ಲ ಯಮ್ಮಾ. ಬ್ಯಾಡ ಅಂದಾಗ ಬಂದ್ ಮಾಡ್ತೀನಿ" ಅಂದೆ. ಮಜೂರಿಯ ಮಾತು ಬಂದಾಗ ಲಾಳಿ ನಿಲ್ಲಿಸಿ ಫೋನ್ ಕಡೆ ಕೈ ತೋರಿಸಿದರು. ಬಂದ್ ಮಾಡಿದೆ. ಅದೆಲ್ಲ ಹೇಳಿ ಮುಗಿಸಿ, "ಈಗ ಹಚ್ಚು" ಅಂದರು.

ಫೋನ್ ಹಚ್ಚಿದ ಮೇಲೆ ಇನ್ನೊಮ್ಮೆ ಕೇಳುತ್ತೇನೆ, ಒಪ್ಪಿಗೆಯೂ ಅವರ ದನಿಯಲ್ಲೇ ಉಳಿಯಲಿ ಅಂತ. ನಡುವೆ ಪಕ್ಕದ ಮನೆಯವರು ಬಂದು ಕೂತರೆ ಅವರನ್ನೂ ಕೇಳಲೇಬೇಕು.

ಬರಹ ಆದ ಮೇಲೆ ಹೋಗಿ ಓದಿ ಹೇಳುತ್ತೇನೆ. ಇದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಮಗ್ಗದ ಸದ್ದು ಜೋರಾದ ಕಡೆ, ಮಾತು ನಿಂತ ಕಡೆ, ವಿಸ್ಪರ್ ಯಾರೂ ಆಡದ ವಾಕ್ಯವನ್ನು ತಾನೇ ಬರೆಯುವುದುಂಟು. ಅವರು ಒಪ್ಪಿದ್ದು ತಮ್ಮ ಮಾತಿಗೆ. ಸಾಫ್ಟ್‌ವೇರ್‌ನ ಊಹೆಗೆ ಅವರ ಹೆಸರು ಹಚ್ಚುವುದು ಅನ್ಯಾಯ.

2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ಪಡೆಯುವಂತಿರಬೇಕು ಅನ್ನುತ್ತದೆ. ಅದಕ್ಕೇ ಫೋನ್ ನಂಬರಿನ ಚೀಟಿ ಕೊಟ್ಟು ಬರುತ್ತೇನೆ, ಒಂದು ಮಿಸ್ಡ್ ಕಾಲ್ ಸಾಕು. ಗುಳೇದಗುಡ್ಡದ ಒಬ್ಬರು ಹಾಗೆ ಬೇಡ ಅಂದರು. ಯಾಕೆ ಅಂತ ಕೇಳಲಿಲ್ಲ. ದನಿ, ಬರಹ, ಪೆನ್‌ಡ್ರೈವ್‌ನಲ್ಲಿದ್ದ ಪ್ರತಿ ಎಲ್ಲ ಅಳಿಸಿ, ಅಳಿಸಿದ್ದೇನೆ ಅಂತ ಅವರಿಗೆ ಫೋನ್ ಮಾಡಿ ಹೇಳಿದೆ.