ಬಟನ್ ಫೋನ್ ನೋಡಿ ನಕ್ಕಿದ್ರು, ಅದೇ ಹೆಲ್ಪ್‌ಲೈನ್ ಉಳಿಸ್ತು

ಕೋಲಾರದ ಡೂಂಲೈಟ್ ಸರ್ಕಲ್ ಹತ್ರ ನಂದು ಕಂಪ್ಯೂಟರ್ ರಿಪೇರಿ ಅಂಗಡಿ. ಟೊಮೇಟೊ ರೇಟ್ ಬಿದ್ದು ಸಾಲ ತಲೆ ಮೇಲೆ ಕೂತಾಗ ರಾತ್ರಿ ಹೊತ್ತು ಫೋನ್ ಮಾಡಿ ಅಳೋ ರೈತರಿಗೆ ಅಂತ ಇಲ್ಲೊಂದು ಸಣ್ಣ ಟ್ರಸ್ಟ್ ಹೆಲ್ಪ್‌ಲೈನ್ ನಡೆಸುತ್ತೆ, ಸಿಸ್ಟಂ ನೋಡ್ಕೊಳ್ಳೋದು ನಾನು, ಪುಕ್ಕಟೆ. ಮೊದಲು ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇತ್ತು. ನಗಬೇಡಿ, ನಿಮ್ಮಲ್ಲೂ ಹಂಗೇ ಇರುತ್ತೆ.

ನನ್ನ ತಕರಾರು ಪಾಸ್‌ವರ್ಡ್ ಅಲ್ಲ. ಕಾಲ್‌ಗಳನ್ನ ಇಂಟರ್ನೆಟ್ ಮೇಲೆ ನಮ್ಮ ಕಂಪ್ಯೂಟರ್ ಪ್ಯಾನೆಲ್‌ಗೆ ತಲುಪಿಸೋ ಕ್ಲೌಡ್ ಕಂಪನಿ ಹೆಸರಲ್ಲೇ ಹೆಲ್ಪ್‌ಲೈನ್ ನಂಬರ್ ಇತ್ತು, ಅವರು ಬಿದ್ರೆ ನಾವೂ ಬಿದ್ವಿ. ಆತ್ಮಹತ್ಯೆ ತಡೆಯೋಕೆ ಇರೋ ಅಮೆರಿಕಾದ 988 ಹೆಲ್ಪ್‌ಲೈನ್‌ಗೆ ಆಗಿದ್ದೇ ಇದು, 2022 ಡಿಸೆಂಬರ್ 1ಕ್ಕೆ ಅದರ ಫೋನ್ ಸರ್ವೀಸ್ ನೋಡ್ತಿದ್ದ ಇಂಟ್ರಾಡೊ ಕಂಪನಿ ಮೇಲೆ ಸೈಬರ್ ದಾಳಿ ಆಗಿ ಗಂಟೆಗಟ್ಟಲೆ ಕಾಲ್ ಹೋಗ್ಲಿಲ್ಲ, ಮೆಸೇಜು ಚಾಟು ಮಾತ್ರ ನಡೀತಿತ್ತು. ಆಮೇಲೆ ಅಲ್ಲಿ ಸೆಂಟರ್‌ನೋರು ಸೈಬರ್ ಭದ್ರತೆ ಲೋಪ ಕಂಡ್ರೆ ಮೇಲಿನೋರಿಗೆ ತಿಳಿಸಲೇಬೇಕು ಅಂತ ಬಿಲ್ಲೇ ತಂದ್ರು. ಇದನ್ನ ಟ್ರಸ್ಟ್ ಮೀಟಿಂಗಲ್ಲಿ ಹೇಳಿದ್ರೆ ಮೇಷ್ಟ್ರೊಬ್ರು, "ಅದು ಅಮೆರಿಕಾ ಕಣಯ್ಯ, ನಮ್ಮನ್ಯಾರು ಹ್ಯಾಕ್ ಮಾಡ್ತಾರೆ" ಅಂದ್ರು.

ಮೊದಲು ಹಳೇ ಡೆಸ್ಕ್‌ಟಾಪ್‌ಗೆ ಆಸ್ಟರಿಸ್ಕ್ ಅನ್ನೋ ಪುಕ್ಕಟೆ ಟೆಲಿಫೋನ್ ಎಕ್ಸ್‌ಚೇಂಜ್ ಸಾಫ್ಟ್‌ವೇರ್ ಹಾಕಿ, ಸಿಮ್ ಕಾಲ್‌ನ ಕಂಪ್ಯೂಟರಿಗೆ ತರೋ ಜಿಎಸ್‌ಎಂ ಗೇಟ್‌ವೇ ಸಿಕ್ಕಿಸ್ದೆ. ಏಳೆಂಟು ಸಾವಿರ ನೀರಲ್ಲಿ ಹೋಯ್ತು, ಎಕೋ ಅಂದ್ರೆ ಎಕೋ, ಅಳ್ತಿರೋರಿಗೆ ಅವರದೇ ದನಿ ವಾಪಸ್ ಕೇಳೋದು. ಬಿಟ್ಟೆ. ಆಮೇಲೆ ಟ್ರಸ್ಟ್ ಹೆಸರಲ್ಲೇ ಸಿಮ್ ತಗೊಂಡು ಸಾವಿರದ ಚಿಲ್ಲರೆ ಬಟನ್ ಫೋನಿಗೆ ಹಾಕಿ, ಅಲ್ಲಿಂದ ಪ್ಯಾನೆಲ್‌ಗೆ ಫಾರ್ವರ್ಡ್. ಪ್ಯಾನೆಲ್ ಬಿದ್ರೆ ಫಾರ್ವರ್ಡ್ ತೆಗೆದು ಆ ಫೋನಲ್ಲೇ ಮಾತಾಡೋದು. ಬ್ಯಾನರು, ಗೋಡೆಬರಹ ಎಲ್ಲಾ ಹೊಸ ನಂಬರಿಗೆ ಬದಲಾಯಿಸೋಕೆ ಸುಮಾರು ಹದಿನಾಲ್ಕು ಸಾವಿರ ಆಯ್ತು, ಜಗಳವೂ ಆಯ್ತು. ಅಷ್ಟರಲ್ಲಿ 2024 ಏಪ್ರಿಲ್ 15ರಿಂದ ಸ್ಟಾರ್ ಹ್ಯಾಶ್ ಒತ್ತಿ ಮಾಡೋ ಫಾರ್ವರ್ಡ್ ನಿಲ್ಲಿಸಿ ಅಂತ ಆರ್ಡರ್ ಬಂತು, ಮೋಸ ಜಾಸ್ತಿ ಆಗಿತ್ತಂತೆ. ಅದಕ್ಕೊಂದು ದಾರಿ ಹುಡುಕ್ದೆ, ಇಲ್ಲಿ ಬರೆಯಲ್ಲ.

ಪ್ಯಾನೆಲ್ ಬಿತ್ತು ಅಂದ್ಕೊಂಡು ಮಾಡಿದ ಮೊದಲ ಡ್ರಿಲ್‌ನಲ್ಲೇ ಮಾನ ಹೋಯ್ತು, ಬಟನ್ ಫೋನ್ ಚಾರ್ಜರ್ ಯಾರೋ ಮನೆಗೆ ಒಯ್ದಿದ್ರು! ಈಗ ಅದನ್ನ ಟೇಬಲ್ಲಿಗೇ ಕಟ್ಟಿದೀನಿ.

ಇನ್ನು ಡೇಟಾ. ಕಾಲ್ ರೆಕಾರ್ಡ್ ಎನ್‌ಕ್ರಿಪ್ಟ್ ಮಾಡೋ ಸರ್ಕಸ್ ಒಂದು ತಿಂಗಳು ಮಾಡ್ದೆ, ಕೊನೆಗೆ ರೆಕಾರ್ಡಿಂಗೇ ಬಂದ್ ಮಾಡ್ಸಿದೆ, ಇಲ್ಲದ್ದನ್ನ ಯಾರು ಕದೀತಾರೆ? ನೋಟ್‌ಬುಕ್ಕಲ್ಲಿ ಹೆಸರು, ಊರು ಇಲ್ಲ, ಬರೀ ಕೋಡು. ಸಿಸ್ಟಂ ಲಾಗ್, ಅಂದ್ರೆ ಸಿಸ್ಟಂನಲ್ಲಿ ಯಾವಾಗ ಏನಾಯ್ತು ಅನ್ನೋ ದಾಖಲೆ, ಮಾತ್ರ 180 ದಿನ ಇಡ್ತೀನಿ. ಸೈಬರ್ ದಾಳಿ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022 ಏಪ್ರಿಲ್ ಆದೇಶದ ಪ್ರಕಾರ ದಾಳಿ ಗೊತ್ತಾದ 6 ಗಂಟೆ ಒಳಗೆ ಅವರಿಗೆ ತಿಳಿಸಬೇಕು, ಅದರ ಫಾರಂ ಅರ್ಧ ತುಂಬಿಸಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೀನಿ. ನೆಟ್ ಹೋದಾಗ ಪಿಡಿಎಫ್ ತಗೊಂಡು ಏನ್ ಮಾಡ್ತೀರಿ.

ಹೋದ ಮಳೆಗಾಲ ಒಂದು ಸಂಜೆ ಪ್ಯಾನೆಲ್ ಹೋಯ್ತು. ಕಂಪನಿಯೋರು ಮೇಂಟೆನೆನ್ಸ್ ಅಂದ್ರು, ಎರಡು ದಿನ ಆದ್ಮೇಲೆ ರ್‍ಯಾನ್ಸಂವೇರ್, ಅಂದ್ರೆ ಫೈಲ್‌ಗೆ ಬೀಗ ಹಾಕಿ ದುಡ್ಡು ಕೇಳೋ ದಾಳಿ, ಅಂತ ಒಪ್ಕೊಂಡ್ರು. ನಾವು ಹತ್ತು ಹನ್ನೊಂದು ನಿಮಿಷದಲ್ಲಿ ಬಟನ್ ಫೋನ್ ಮೇಲಿದ್ವಿ. ಒಂದೇ ಲೈನ್, ಎಂಗೇಜ್ ಬಂದೋರಿಗೆ ಒಬ್ಬ ಹುಡುಗಿ ಬೇರೆ ಫೋನಿಂದ ವಾಪಸ್ ಮಾಡಿ ಮಾತಾಡ್ತಾ, ಅರ್ಜೆಂಟ್ ಇದ್ದೋರಿಗೆ ಸರ್ಕಾರದ ಮಾನಸಿಕ ಆರೋಗ್ಯ ಹೆಲ್ಪ್‌ಲೈನ್ ಟೆಲಿ ಮಾನಸ್ 14416 ಕೂಡ ಕೊಡ್ತಾ ಇದ್ಲು. ಆ ರಾತ್ರಿ ಇಪ್ಪತ್ತರ ಮೇಲೇ ಕಾಲ್ ಬಂದಿರ್ಬೇಕು.

ಈಗ ಅದೇ ಮೇಷ್ಟ್ರು ಇನ್ನೊಂದು ಬಟನ್ ಫೋನ್ ತಾ ಅಂತಿದ್ದಾರೆ. ಮೊದಲನೇದರ ದುಡ್ಡೇ ಇನ್ನೂ ಬಂದಿಲ್ಲ.